ಹಾಲಿನ ಕವರಿನಲ್ಲಿದ್ದ ಸೂಜಿ

ಶುಕ್ರವಾರ ಬಂತೆಂದರೆ ಟೈಲರಜ್ಜನ ಮನೆಯಲ್ಲಿ ಕಸದ ರಗಳೆ ಶುರು. ಮೂರನೇ ಕ್ಲಾಸಿನ ಮೊಮ್ಮಗಳು ಎದ್ದವಳೇ ಅಡುಗೆಮನೆಯ ಕಸದ ಡಬ್ಬಿ ಜಾಲಾಡಿ, ಹಾಲಿನ ಕವರು, ಬಿಸ್ಕತ್ತಿನ ಪೊಟ್ಟಣ, ಖಾಲಿ ಬಾಟಲಿ ಎಲ್ಲವನ್ನೂ ತೊಳೆದು ಚೀಲಕ್ಕೆ ತುಂಬುತ್ತಿದ್ದಳು. ಶಾಲೆಯಲ್ಲಿ ಮಕ್ಕಳು ಆ ಕವರುಗಳನ್ನು ಬಾಟಲಿಯೊಳಗೆ ತುರುಕಿ ಇಟ್ಟಿಗೆಯಷ್ಟು ಗಟ್ಟಿ ಮಾಡುತ್ತಿದ್ದರು. ಅಂಥ ಬಾಟಲಿಗಳಿಂದ ಅಂಗಳದ ಮರಕ್ಕೆ ಕಟ್ಟೆ ಕಟ್ಟೋಣ ಎಂದು ಟೀಚರ್ ಆಸೆ ಹುಟ್ಟಿಸಿದ್ದರು.

ಅಜ್ಜನಿಗೆ ಇದೆಲ್ಲ ಕೆಲಸವಿಲ್ಲದವರ ಕೆಲಸ. ಮಗ್ಗಿ ಹೇಳಿಸುವುದು ಬಿಟ್ಟು ಮಕ್ಕಳ ಕೈಲಿ ಕಸ ಹೊರಿಸುತ್ತಾರಲ್ಲ ಎಂದು ಅಂಗಡಿಗೆ ಬಂದವರ ಮುಂದೆಲ್ಲ ಗೊಣಗುತ್ತಿದ್ದ. ಏನೇನು ತರಬಾರದು ಎಂದು ಟೀಚರ್ ಮನೆಮನೆಗೆ ಚೀಟಿ ಕಳಿಸಿದ್ದರು. ಅಜ್ಜ ಅದನ್ನು ಓದುವ ಗೋಜಿಗೇ ಹೋಗದೆ, ಹಿಂಬದಿಯಲ್ಲಿ ಯಾರದೋ ಸೊಂಟದ ಅಳತೆ ಗೀಚಿಟ್ಟಿದ್ದ.

ಅಜ್ಜನಿಗೆ ಸಕ್ಕರೆ ಕಾಯಿಲೆ. ಮೂರು ವರ್ಷದಿಂದ ದಿನಾ ಬೆಳಿಗ್ಗೆ ಇನ್ಸುಲಿನ್ ಚುಚ್ಚಿಕೊಳ್ಳುತ್ತಿದ್ದ. ಅಂಗಡಿಯಲ್ಲಿ ಸೂಜಿ ನೆಲಕ್ಕೆ ಬಿದ್ದರೆ ಅದು ಸಿಗುವವರೆಗೂ ಯಾರನ್ನೂ ಒಳಗೆ ಬಿಡದ ಮನುಷ್ಯ, ಇಂಜೆಕ್ಷನ್ ಸೂಜಿಯನ್ನು ಹಾಗೇ ಎಸೆಯುತ್ತಾನೆಯೇ? ಹಾಲಿನ ಕವರಿನಲ್ಲಿ ಸುತ್ತಿ, ಮೇಲೆ ಏಳು ಸುತ್ತು ದಾರ ಬಿಗಿದು, ಗುಂಡಿ ಹೊಲಿದು ಮುಗಿಸುವಾಗಿನ ಗಂಟು ಹಾಕಿ ಕಸದ ಡಬ್ಬಿಗೆ ಹಾಕುತ್ತಿದ್ದ. ತನ್ನಷ್ಟು ಜಾಗ್ರತೆಯವರು ಬೀದಿಯಲ್ಲೇ ಇಲ್ಲವೆಂದು ಅವನಿಗೆ ಒಳಗೊಳಗೇ ಹೆಮ್ಮೆ.

ಆ ಶುಕ್ರವಾರ ಮೊಮ್ಮಗಳು ತಡವಾಗಿ ಎದ್ದಳು. ಆರಿಸಲು ಪುರಸೊತ್ತಿಲ್ಲದೆ ಡಬ್ಬಿಯನ್ನೇ ಚೀಲಕ್ಕೆ ಬೋರಲು ಹಾಕಿಕೊಂಡು ಓಡಿದಳು.

ಹನ್ನೊಂದು ಗಂಟೆಗೆ ಅಂಗಡಿಯಲ್ಲಿ ಗುಂಡಿ ಹೊಲಿಯುವ ಹೆಂಗಸಿಗೆ ಶಾಲೆಯಿಂದ ಫೋನು ಬಂತು. ಅವಳ ಮಗಳು ಗುಬ್ಬಿಗೆ ಕಸದಲ್ಲಿದ್ದ ಇಂಜೆಕ್ಷನ್ ಸೂಜಿ ಚುಚ್ಚಿದೆ, ಆಸ್ಪತ್ರೆಗೆ ಬನ್ನಿ ಎಂದರು. ಅವಳು ಕೈಲಿದ್ದ ಅಂಗಿ ಬಿಸುಟು ಎದ್ದಳು. ಅಜ್ಜ ಅಂಗಡಿಯ ಬಾಗಿಲೆಳೆದು ಅವಳ ಜೊತೆ ಹೊರಟ. ಮಕ್ಕಳು ಮುಟ್ಟುವ ಕಸಕ್ಕೆ ಸೂಜಿ ಹಾಕಿದ ತಲೆಕೆಟ್ಟವನು ಯಾರೆಂದು ದಾರಿಯುದ್ದಕ್ಕೂ ಬೈಯುತ್ತಲೇ ಇದ್ದ.

ಟೀಚರ್ ಆಗಲೇ ಮಗುವಿನ ಕೈಯನ್ನು ಹರಿಯುವ ನೀರಿನಲ್ಲಿ ಸೋಪು ಹಾಕಿ ತೊಳೆಸಿ ಆಸ್ಪತ್ರೆಗೆ ಕರೆತಂದಿದ್ದರು. ಮೇಜಿನ ಮೇಲಿನ ತಟ್ಟೆಯಲ್ಲಿ ಒಂದು ಸೂಜಿ, ಒಂದು ಹಾಲಿನ ಕವರು, ಕವರಿನಿಂದ ಎಳೆದು ತೆಗೆದ ಕೆಂಪು ದಾರ. ದಾರದ ತುದಿಯಲ್ಲಿ ಗಂಟು ಇನ್ನೂ ಹಾಗೇ ಇತ್ತು.

ಗಂಟು ಕಂಡದ್ದೇ ಅಜ್ಜನ ಬೈಗುಳ ನಿಂತಿತು. ಪಕ್ಕದಲ್ಲಿ ಗುಬ್ಬಿಯ ಅಮ್ಮನೂ ಆ ಗಂಟನ್ನೇ ನೋಡುತ್ತಿದ್ದಳು. ಆ ಗಂಟು ಹಾಕುವುದನ್ನು ಅವಳಿಗೆ ಕಲಿಸಿದವನೇ ಅವನು. ಅವಳು ತಲೆಯೆತ್ತಿ ಅವನ ಮುಖ ನೋಡಿದಳು.

ನರ್ಸಮ್ಮ ಹೇಳಿದರು. "ಬಳಸಿದ ಸೂಜೀಲಿ ಕಣ್ಣಿಗೆ ಕಾಣದಷ್ಟು ರಕ್ತ ಉಳಿದಿರುತ್ತೆ. ಆ ರಕ್ತದಲ್ಲಿ ಕಾಯಿಲೆ ಇದ್ರೆ ಮಗೂಗೂ ಬರಬಹುದು. ಯಾರ ಸೂಜಿ ಅಂತ ಗೊತ್ತಾದ್ರೆ ಅವರ ರಕ್ತ ಪರೀಕ್ಷೆ ಮಾಡಿ, ಇವಳಿಗೆ ಏನು ಔಷಧಿ ಬೇಕು ಅಂತ ಬೇಗ ತೀರ್ಮಾನ ಮಾಡಬಹುದು. ಗೊತ್ತಾಗ್ಲಿಲ್ಲ ಅಂದ್ರೆ ಕಷ್ಟ."

ಅಜ್ಜ ತಟ್ಟೆಯಿಂದ ಮುಖ ತಿರುಗಿಸಿದ. ಹೇಳಿದರೆ ಬೀದಿಯಲ್ಲಿ ಮುಖ ತೋರಿಸುವುದು ಹೇಗೆ? ಅಷ್ಟರಲ್ಲಿ ಗುಬ್ಬಿ ಅವನ ತೋಳು ಹಿಡಿದಳು.

"ಅಜ್ಜ, ಕವರು ತೊಳ್ದಿದ್ಯಾ ಅಂತ ನೋಡೋಕೆ ಬಿಚ್ಚಿದೆ. ನಂದೇ ತಪ್ಪಾ?"

"ನಿಂದಲ್ಲ ಕಣಮ್ಮ," ಎಂದ ಅಜ್ಜ. "ನರ್ಸಮ್ಮ, ಆ ಸೂಜಿ ನಂದು. ನನ್ನ ರಕ್ತ ತಗೊಳ್ಳಿ."

ಗುಬ್ಬಿಯ ಅಮ್ಮ ಮಗಳನ್ನು ಎತ್ತಿಕೊಂಡು ಆಚೆ ಬೆಂಚಿಗೆ ಹೋಗಿ ಕೂತಳು. ಪರೀಕ್ಷೆಯ ಫಲಿತಾಂಶ ಬರುವವರೆಗೆ ಅಜ್ಜ ನಿಂತೇ ಇದ್ದ. ಅವನ ರಕ್ತದಲ್ಲಿ ಅಂಥ ಕಾಯಿಲೆ ಕಾಣಲಿಲ್ಲ. ಆದರೂ ಡಾಕ್ಟರು ಗುಬ್ಬಿಗೆ ಒಂದು ಲಸಿಕೆ ಹಾಕಿಸಿ, ಮತ್ತೆ ಪರೀಕ್ಷೆಗೆ ಬರಬೇಕೆಂದು ದಿನ ಗೊತ್ತುಮಾಡಿದರು.

ಅಷ್ಟು ಬಿಗಿಯಾಗಿ ಸುತ್ತಿದ್ದೆನಲ್ಲ ಎಂದು ಅಜ್ಜ ಪೇಚಾಡಿದ. ಪ್ಲಾಸ್ಟಿಕ್ ಕವರು ಸೂಜಿಯನ್ನು ತಡೆಯುವುದಿಲ್ಲ, ಒಳಗೆ ಸೂಜಿ ಇದೆಯೆಂಬುದನ್ನು ಮಾತ್ರ ಮುಚ್ಚಿಡುತ್ತದೆ ಎಂದರು ನರ್ಸಮ್ಮ. ಹಾಗಿದ್ದರೆ ಶಾಲೆಯಲ್ಲಿ ಈ ಕಸದ ಕೆಲಸವನ್ನೇ ನಿಲ್ಲಿಸಿಬಿಡಿ ಎಂದು ಅವನು ಟೀಚರನ್ನು ಬೇಡಿಕೊಂಡ.

"ನಿಲ್ಲಿಸಬಹುದು ಅಜ್ಜ," ಎಂದರು ಟೀಚರ್. "ಆಗ ಅದೇ ಸೂಜಿ ಕಸ ಆಯೋರ ಕೈಗೆ ಚುಚ್ಚುತ್ತೆ. ಮೂರು ವರ್ಷದಿಂದ ಎಷ್ಟು ಸೂಜಿ ಹಾಕಿದ್ದೀರಿ?"

ದಿನಕ್ಕೊಂದು. ಸಾವಿರಕ್ಕೂ ಮೇಲೆ. ಅವು ಯಾರ ಯಾರ ಕೈಗೆ ಚುಚ್ಚಿದವೋ, ಅವರು ಯಾವ ಆಸ್ಪತ್ರೆಗೆ ಓಡಿದರೋ, ಓಡಲೇ ಇಲ್ಲವೋ.

ಸೋಮವಾರ ಅವನೇ ಶಾಲೆಗೆ ಹೋಗಿ, ಹೆತ್ತವರೆಲ್ಲರ ಮುಂದೆ ನಿಂತು ನಡೆದದ್ದನ್ನು ಹೇಳಿದ. ಇನ್ನು ಮುಂದೆ ದೊಡ್ಡವರು ದಪ್ಪ ಕೈಗವಸು ಹಾಕಿ ಚೀಲ ನೋಡಿದ ಮೇಲೆಯೇ ಮಕ್ಕಳ ಕೈಗೆ ಕೊಡುವುದೆಂದು ತೀರ್ಮಾನವಾಯಿತು. ಮೂರು ದಿನ ಕೆಲಸಕ್ಕೆ ಬಾರದ ಗುಬ್ಬಿಯ ಅಮ್ಮ ನಾಲ್ಕನೇ ದಿನ ಬಂದಳು. ಕೂರುವ ಮೊದಲೇ ಕೇಳಿದಳು. "ಇವತ್ತಿನ ಸೂಜಿ ಎಲ್ಲಿ ಹಾಕಿದ್ರಿ? ತೋರ್ಸಿ."

ಅಜ್ಜ ದಪ್ಪ ಪ್ಲಾಸ್ಟಿಕ್ಕಿನ ಡಬ್ಬಿ ತಂದು ಅವಳ ಮುಂದಿಟ್ಟ. ಅವಳು ಮುಚ್ಚಳ ತಿರುಗಿಸಿ ಬಿಗಿಯಾಗಿದೆಯೇ ಎಂದು ನೋಡಿ, ಆಮೇಲೆ ಕೆಲಸಕ್ಕೆ ಕೂತಳು.

ಇದನ್ನು ಓದುತ್ತಿರುವ ಅಕ್ಕ, ಅಣ್ಣ, ನಿಮ್ಮ ಮನೆಯಲ್ಲೂ ಇಂಜೆಕ್ಷನ್ ಚುಚ್ಚಿಕೊಳ್ಳುವವರು ಇದ್ದಾರೆಯೇ? ಬಳಸಿದ ಸೂಜಿಯನ್ನು ಆ ಕ್ಷಣವೇ ತಿರುಪಿನ ಮುಚ್ಚಳದ ಗಟ್ಟಿ ಡಬ್ಬಿಗೆ ಹಾಕಿ. ಮುಕ್ಕಾಲು ತುಂಬಿದೊಡನೆ ಮುಚ್ಚಿ ಹತ್ತಿರದ ಆಸ್ಪತ್ರೆಗೆ ಒಪ್ಪಿಸಿ. ಮರುಬಳಕೆಯ ಚೀಲಕ್ಕೆ ಅದು ಸೇರಲೇಬಾರದು. ಯಾರಿಗಾದರೂ ಚುಚ್ಚಿದರೆ ಗಾಯ ಹಿಂಡಬೇಡಿ, ಬಾಯಿಂದ ಹೀರಬೇಡಿ, ಸೋಪುನೀರಿನಲ್ಲಿ ತೊಳೆದು ತಕ್ಷಣ ಆಸ್ಪತ್ರೆಗೆ ಹೋಗಿ. ಸೂಜಿ ನಿಮ್ಮದಾಗಿದ್ದರೆ ನಾಚಿಕೆ ಬದಿಗಿಟ್ಟು ಹೇಳಿಬಿಡಿ. ಅಲ್ಲಿ ಒಂದು ಮಗು, ತಪ್ಪು ತನ್ನದೇ ಎಂದುಕೊಂಡು ಕೂತಿರುತ್ತದೆ.