ಮೂರನೇ ಪುಟದಲ್ಲಿದ್ದ ಮಾತು

ಫಕೀರಪ್ಪ ಗದಗಿನ ಕಡೆಯವನು. ಯಶವಂತಪುರದ ಒಂದು ಫ್ಯಾನ್ ಕಾರ್ಖಾನೆಯಲ್ಲಿ ಹನ್ನೊಂದು ವರ್ಷ ಪ್ರೆಸ್ ನಡೆಸಿ, ೧೯೭೯ರ ಜನವರಿಯಲ್ಲಿ ಆ ವಿಭಾಗದ ಚಾರ್ಜ್‌ಹ್ಯಾಂಡ್ ಆದ. ತಗಡು ಕತ್ತರಿಸಿ ಬಗ್ಗಿಸುವ ಎಂಟು ಪ್ರೆಸ್ ಯಂತ್ರ, ಅವನ್ನು ನಡೆಸುವ ಹದಿನಾರು ಜನ ಅವನ ಕೈಕೆಳಗೆ ಬಂದರು. ದೂರದಿಂದ ಸದ್ದು ಕೇಳಿದರೆ ಸಾಕು, ಯಾವ ಯಂತ್ರದಲ್ಲಿ ಏನು ಸಡಿಲಾಗಿದೆ ಎಂದು ಅವನಿಗೆ ಗೊತ್ತಾಗುತ್ತಿತ್ತು. ಆದರೆ ಚಾರ್ಜ್‌ಹ್ಯಾಂಡ್ ಆದವನು ಪ್ರತಿ ಶನಿವಾರ ವರ್ಕ್ಸ್ ಮ್ಯಾನೇಜರಿಗೆ ಇಂಗ್ಲಿಷಿನಲ್ಲಿ ಒಂದು ರಿಪೋರ್ಟ್ ಕೊಡಬೇಕು. ಅದು ಅವನಿಗೆ ಬಾರದ ಕೆಲಸ.

ಬಾರದು ಎಂದು ಯಾರಿಗೂ ಹೇಳಲಿಲ್ಲ. ಹಳೆಯ ಫೈಲುಗಳನ್ನು ತಂದು ಅವುಗಳಲ್ಲಿನ ವಾಕ್ಯಗಳನ್ನು ಎತ್ತಿ ಜೋಡಿಸತೊಡಗಿದ. ‘ತಮ್ಮ ಘನ ಸನ್ನಿಧಾನಕ್ಕೆ ವಿನಯಪೂರ್ವಕವಾಗಿ ಅರಿಕೆ ಮಾಡಿಕೊಳ್ಳುವುದೇನೆಂದರೆ’ ಎಂಬ ಅರ್ಥದ ಇಂಗ್ಲಿಷು ಅರ್ಧ ಪುಟ ನುಂಗುತ್ತಿತ್ತು. ಆಮೇಲೆ ವಾರದ ಉತ್ಪಾದನೆ, ಹಾಜರಿ, ಮತ್ತೆ ವಂದನೆ. ಪುಟ ಹೆಚ್ಚಾದಷ್ಟೂ ತಾನು ಓದಿದವನಂತೆ ಕಾಣುತ್ತೇನೆ ಎಂದು ಅವನ ಎಣಿಕೆ.

ಜೂನ್ ಮೊದಲ ವಾರದಲ್ಲಿ ನಾಲ್ಕನೇ ಪ್ರೆಸ್ಸಿನ ಸದ್ದು ಬದಲಾಯಿತು. ಪೆಡಲನ್ನು ಒಮ್ಮೆ ತುಳಿದರೆ ಮೇಲಿನ ಅಚ್ಚು ಒಮ್ಮೆ ಬಡಿದು ಮೇಲೇರಿ ನಿಲ್ಲಬೇಕು. ಇದು ಎಂದೋ ಒಮ್ಮೊಮ್ಮೆ, ತುಳಿಯದೆಯೂ ಎರಡನೇ ಸಲ ಇಳಿಯುತ್ತಿತ್ತು. ಅಚ್ಚನ್ನು ತಡೆದು ನಿಲ್ಲಿಸುವ ಕ್ಲಚ್ಚು ಸವೆದಿದೆ ಎಂದು ಫಕೀರಪ್ಪನಿಗೆ ಕೂಡಲೇ ತಿಳಿಯಿತು. ಒಂಬತ್ತನೇ ತಾರೀಖಿನ ರಿಪೋರ್ಟಿನಲ್ಲಿ ಅದನ್ನು ಬರೆದ. ಮೂರನೇ ಪುಟದಲ್ಲಿ, ಹೊಸ ಪೊರಕೆಗಳ ಬೇಡಿಕೆಯ ಕೆಳಗೆ, ‘ಸದರಿ ಯಂತ್ರದ ವರ್ತನೆಯ ಬಗ್ಗೆ ತಾವು ದಯವಿಟ್ಟು ಸೂಕ್ತವಾದುದನ್ನು ಮಾಡಬೇಕಾಗಿ’ ಎಂದು. ರಿಪೋರ್ಟಿಗೆ ಸಹಿ ಬಿತ್ತು. ಏನೂ ಆಗಲಿಲ್ಲ.

ಇಪ್ಪತ್ತೊಂದನೇ ತಾರೀಖು ಗುರುವಾರ, ಊಟದ ಗಂಟೆಗೆ ಇನ್ನು ಹತ್ತು ನಿಮಿಷ ಇರುವಾಗ, ನಾಲ್ಕನೇ ಪ್ರೆಸ್ಸು ಮುನಿಆಂಜಿನಪ್ಪನ ಬಲಗೈಯ ಮೂರು ಬೆರಳು ಕತ್ತರಿಸಿತು. ಅಟ್ಟೂರಿನವನು, ಇಪ್ಪತ್ತಾರು ವರ್ಷದವನು. ಬಡಿದಾದ ಮೇಲೆ ತಗಡು ತೆಗೆಯಲು ಕೈ ಹಾಕಿದ್ದ. ಅಚ್ಚು ತಾನಾಗಿ ಮತ್ತೆ ಇಳಿಯಿತು. ಕಾರ್ಖಾನೆಯ ವ್ಯಾನಿನಲ್ಲಿ ಆಸ್ಪತ್ರೆಯವರೆಗೂ ಫಕೀರಪ್ಪ ಅವನ ಮುಂಗೈಯನ್ನು ಗಟ್ಟಿಯಾಗಿ ಹಿಡಿದು ಕೂತಿದ್ದ. ದಾರಿಯುದ್ದಕ್ಕೂ ಮುನಿಆಂಜಿನಪ್ಪ ಒಂದೇ ಮಾತು ಹೇಳುತ್ತಿದ್ದ: “ನಾನು ತುಳೀಲಿಲ್ಲ ಸಾ. ನಾನು ತುಳೀಲೇ ಇಲ್ಲ.”

ಮರುದಿನ ವರ್ಕ್ಸ್ ಮ್ಯಾನೇಜರ್ ಮುಜಫ್ಫರ್ ಸಾಹೇಬರು ಕರೆಸಿದರು. ಅವರ ಮೇಜಿನ ಮೇಲೆ ಜೂನ್ ಒಂಬತ್ತರ ರಿಪೋರ್ಟಿತ್ತು.

“ವಿಷಯ ಮೂರನೇ ಪುಟದಲ್ಲಿದೆ,” ಎಂದರು. “ನಾನು ಮೊದಲನೇ ಪುಟ ನೋಡಿ ಸಹಿ ಹಾಕಿದೆ. ಅದು ನನ್ನ ತಪ್ಪು. ಆದ್ರೆ ಫಕೀರಪ್ಪ, ಬೆಂಕಿ ಬಿದ್ದಿದೆ ಅಂತ ಹೇಳೋಕೆ ಬಂದವರು ಮೊದಲು ಮನೆಯವರ ಕ್ಷೇಮ ಸಮಾಚಾರ ಕೇಳ್ತಾ ಕೂರ್ತಾರಾ?”

ಫಕೀರಪ್ಪ ರಿಪೋರ್ಟಿನ ಮೂರನೇ ಪುಟ ತೆಗೆದು ನೋಡಿದ.

“ಫ್ಯಾಕ್ಟರಿ ಇನ್‌ಸ್ಪೆಕ್ಟರ್ ಬರ್ತಾರೆ. ನಡೆದದ್ದನ್ನ ನೀವೇ ಬರೆದು ಕೊಡ್ಬೇಕು. ಜುಲೈ ಎರಡರ ಸೋಮವಾರ ನನ್ನ ಕೈಗೆ ಬರ್ಲಿ.”

ಅಂದಿನಿಂದ ಅವನಿಗೆ ಒಂದು ಕಡೆ ಕೂರಲಾಗಲಿಲ್ಲ. ಗಂಗಾನಗರದಲ್ಲಿ ಅವನದು ಎರಡು ಕೋಣೆಯ ಬಾಡಿಗೆ ಮನೆ. ಕೆಲಸದಿಂದ ಬಂದವನು ಕಾಗದ ಹಿಡಿದು ಕೂರುವುದು, ನಾಲ್ಕು ಸಾಲು ಬರೆದು ಹರಿಯುವುದು, ಎದ್ದು ಬಾಗಿಲವರೆಗೆ ಹೋಗಿ ಬರುವುದು. ತಟ್ಟೆಯ ಮುಂದೆ ಕೂತರೆ ರೊಟ್ಟಿ ಮುರಿಯುವ ಬೆರಳುಗಳ ಮೇಲೇ ಕಣ್ಣು ಹೋಗುತ್ತಿತ್ತು.

“ಎಷ್ಟಂತ ಅಡ್ಡಾಡ್ತೀರಿ? ಕುಂದರ್ರಿ,” ಎಂದಳು ಹೆಂಡತಿ ಸಂಗವ್ವ. “ನಿಮಗ ಬರೂದಿಲ್ಲಂದ್ರ ಬರೂ ಮಂದೀನ್ನ ಕೇಳ್ರಿ. ಆರ್‌.ಟಿ. ನಗರದಾಗ ಟೈಪಿಂಗ್ ಕಲಸ್ತಾರಲ್ಲ, ಕೃಷ್ಣಯ್ಯನವರು. ಸರಕಾರಿ ಕಚೇರಿಯೊಳಗ ಹೆಡ್ ಕ್ಲಾರ್ಕ್ ಆಗಿದ್ರಂತ. ಅವರ ಕಡೆ ಹೋಗ್ರಿ.”

“ಈ ವಯಸ್ಸಿನಾಗ ನಾ ಕಾಗದ ಬರಿಯೂದು ಕಲೀಲೇನು?”

“ಮತ್ತ ಯಾವ ವಯಸ್ಸಿನಾಗ ಕಲೀತೀರಿ?”

ಕೃಷ್ಣಯ್ಯನವರ ಶಾಲೆ ಒಂದು ಮಹಡಿಯ ಮೇಲಿತ್ತು. ಹತ್ತು ಟೈಪ್‌ರೈಟರುಗಳ ಸದ್ದಿನ ನಡುವೆ ಅವರು ಕನ್ನಡಕ ಹಣೆಗೇರಿಸಿಕೊಂಡು ಫಕೀರಪ್ಪನ ಹಳೆಯ ರಿಪೋರ್ಟನ್ನು ಎರಡು ಸಲ ಓದಿದರು.

“ಇದರಲ್ಲಿ ಎಷ್ಟು ಸಲ ಕೈ ಮುಗಿದಿದ್ದೀರಿ, ಎಣಿಸಿದ್ದೀರಾ? ಹದಿನಾಲ್ಕು ಸಲ.” ನೀಲಿ ಪೆನ್ಸಿಲಿನಿಂದ ಮೊದಲ ಪುಟಕ್ಕೆ ಅಡ್ಡಗೆರೆ ಎಳೆದರು. ಎರಡನೆಯದಕ್ಕೂ ಎಳೆದರು. “ಕಾಗದ ಪಕ್ಕಕ್ಕಿಡಿ. ಬಾಯಲ್ಲಿ ಹೇಳಿ. ಏನಾಗಿತ್ತು?”

“ನಾಲ್ಕನೇ ಪ್ರೆಸ್ಸು ಒಂದ ಸಲ ತುಳಿದ್ರ ಎರಡ ಸಲ ಬಡೀತಿತ್ತರಿ.”

“ಬಡಿದ್ರೆ?”

“ಕೈ ಹೋಗ್ತದರಿ.”

“ಏನ್ ಮಾಡ್ಬೇಕು?”

“ನಿಲ್ಲಸಬೇಕು. ನಿಲ್ಲಿಸಿ ಕ್ಲಚ್ ಬದಲಿಸಬೇಕು.”

“ಮೂರು ಸಾಲು ಕಣ್ರೀ. ಇಷ್ಟನ್ನೇ ಬರೆದು ಕೊಟ್ಟಿದ್ರೆ ಎಂಥವರೂ ಓದಿರೋರು. ಇಂಗ್ಲಿಷ್ ತಪ್ಪಾಗಿದ್ರೂ ಅರ್ಥ ಆಗಿರೋದು.”

ಫಕೀರಪ್ಪ ಬೆವರು ಒರೆಸಿಕೊಂಡ. ಮೂರು ಸಾಲು ಅವನಿಗೆ ಆ ದಿನವೂ ಗೊತ್ತಿತ್ತು. ಅಷ್ಟು ಚಿಕ್ಕದಾಗಿ ಬರೆದರೆ ತನ್ನನ್ನು ಹಗುರವಾಗಿ ಕಂಡಾರು ಎಂದು ಮುಚ್ಚಿಟ್ಟಿದ್ದ.

ಮರುದಿನದಿಂದ ದಿನವೂ ಸಂಜೆ ಸೈಕಲ್ ಹತ್ತಿ ಹೋದ. ಮುಖ್ಯವಾದದ್ದು ಮೊದಲು. ಒಂದು ವಾಕ್ಯಕ್ಕೆ ಒಂದೇ ಸಂಗತಿ. ತಾರೀಖು, ಗಂಟೆ, ಯಂತ್ರದ ನಂಬರು. ಓದುವವರು ಏನು ಮಾಡಬೇಕೆಂದು ಕೊನೆಯಲ್ಲಿ ಬಿಡಿಸಿ ಹೇಳುವುದು. ಅಪಘಾತದ ರಿಪೋರ್ಟನ್ನು ನಾಲ್ಕು ಸಲ ತಿದ್ದಿದ ಮೇಲೆ ಅದು ಒಂದು ಪುಟಕ್ಕಿಳಿಯಿತು. ಅವನಿಗೇ ಆಶ್ಚರ್ಯವಾಯಿತು, ಒಳಗೊಳಗೆ ಸಂತೋಷವೂ ಆಯಿತು. ಸಂತೋಷವಾದದ್ದಕ್ಕೆ ನಾಚಿಕೆಯೂ ಆಯಿತು.

ಐದನೇ ಸಂಜೆ ಕೃಷ್ಣಯ್ಯನವರು ಒಂದು ಸಾಲಿನ ಮೇಲೆ ಪೆನ್ಸಿಲ್ ಇಟ್ಟರು.

“‘ಪ್ರೆಸ್ಸನ್ನು ನಿಲ್ಲಿಸಲಾಗಿರಲಿಲ್ಲ’ ಅಂದಿದ್ದೀರಿ. ಯಾರು ನಿಲ್ಲಿಸಿರಲಿಲ್ಲ?”

“ಅದು ಹಂಗ ಬರಿಯೂದರಿ ಸಾಹೇಬ್ರ. ಫೈಲಿನಾಗ ಎಲ್ಲಾ ಹಂಗ ಇರ್ತದ.”

“ಇರುತ್ತೆ. ನಾನೂ ಮೂವತ್ತು ವರ್ಷ ಹಾಗೇ ಬರೆದೆ. ಹಾಗೆ ಬರೆದ್ರೆ ಯಾರ ಹೆಸರೂ ಹೊರಗೆ ಬರಲ್ಲ. ನಿಲ್ಲಿಸೋ ಅಧಿಕಾರ ಯಾರಿಗಿತ್ತು?”

ಕೆಟ್ಟ ಯಂತ್ರಕ್ಕೆ ಕೆಂಪು ಚೀಟಿ ಕಟ್ಟಿ ನಿಲ್ಲಿಸಲು ಚಾರ್ಜ್‌ಹ್ಯಾಂಡಿಗೆ ಯಾರ ಸಹಿಯೂ ಬೇಕಿರಲಿಲ್ಲ. ಕೆಂಪು ಚೀಟಿಗಳ ಕಟ್ಟು ಅವನ ಡ್ರಾಯರಿನಲ್ಲೇ ಇತ್ತು. ತಾನು ಹೊಸಬ, ಆರ್ಡರುಗಳ ಒತ್ತಡ, ಮೇಲಿನವರಿಗೆ ತಿಳಿಸಿದ್ದಾಗಿದೆ ಎಂದುಕೊಂಡು ಹನ್ನೆರಡು ದಿನ ಕಳೆದಿದ್ದ. ಇಷ್ಟು ದಿನ ಓದದ ಮ್ಯಾನೇಜರನ್ನೂ ಬರೆಯಲು ಬಾರದ ತನ್ನ ಕೈಯನ್ನೂ ಬೈದುಕೊಂಡಿದ್ದ. ಈ ಪ್ರಶ್ನೆಯ ಹತ್ತಿರ ಹೋಗಿರಲಿಲ್ಲ. ಕಾಗದ ಮಡಚಿ ಜೇಬಿಗಿಟ್ಟು ಮೆಟ್ಟಿಲಿಳಿದ. ಎರಡು ದಿನ ಆ ಕಡೆ ತಲೆ ಹಾಕಲಿಲ್ಲ.

ಅದೇ ಹೊತ್ತಿಗೆ ಸಿಬ್ಬಂದಿ ವಿಷಯ ನೋಡಿಕೊಳ್ಳುವ ಪರ್ಸನೆಲ್ ಆಫೀಸರ್ ಬ್ಯಾಟರಾಯಪ್ಪ ಅವನನ್ನು ಕ್ಯಾಂಟೀನಿನ ಮೂಲೆಗೆ ಕರೆದರು.

“ರಿಪೋರ್ಟು ಬರೀತಾ ಇದ್ದೀರಂತೆ. ‘ಕೆಲಸಗಾರನ ಗಮನ ಬೇರೆ ಕಡೆ ಇತ್ತು’ ಅಂತ ಒಂದು ಲೈನ್ ಸೇರಿಸ್ಬಿಡಿ. ಸುಳ್ಳಂತೂ ಅಲ್ಲ, ಊಟದ ಹೊತ್ತಲ್ವಾ. ಕಂಪನಿಗೂ ಒಳ್ಳೇದು, ನಿಮಗೂ ಒಳ್ಳೇದು.”

ಮನೆಗೆ ಬಂದು ಫಕೀರಪ್ಪ ಆ ಸಾಲನ್ನು ಬರೆದು ನೋಡಿದ. ಪುಟದಲ್ಲಿ ಎಷ್ಟು ಸಲೀಸಾಗಿ ಕೂತಿತೆಂದರೆ ಅವನಿಗೆ ಭಯವಾಯಿತು. ಅದನ್ನು ಹೊಡೆದು ಹಾಕಿ, ಮೇಲೆ ಇಂಗ್ಲಿಷಿನಲ್ಲಿ ಬರೆದ: ‘ಜೂನ್ ಒಂಬತ್ತಕ್ಕೂ ಮೊದಲೇ ಈ ದೋಷ ನನಗೆ ಗೊತ್ತಿತ್ತು. ಪ್ರೆಸ್ಸನ್ನು ನಿಲ್ಲಿಸುವ ಅಧಿಕಾರ ನನಗಿತ್ತು. ನಾನು ನಿಲ್ಲಿಸಲಿಲ್ಲ.’ ಬರೆದ ಮೇಲೂ ಸಮಾಧಾನವಾಗಲಿಲ್ಲ. ಚಪ್ಪಲಿ ಮೆಟ್ಟಿಕೊಂಡು ಹೆಬ್ಬಾಳದ ಕೆರೆಯವರೆಗೂ ನಡೆದು ವಾಪಸ್ ಬಂದ.

ಭಾನುವಾರ ಬಸ್ ಹಿಡಿದು ಯಲಹಂಕಕ್ಕೆ ಹೋಗಿ, ಅಲ್ಲಿಂದ ಅಟ್ಟೂರಿಗೆ ನಡೆದ. ಮುನಿಆಂಜಿನಪ್ಪ ಜಗಲಿಯ ಮೇಲೆ ಕೈಗೆ ಬಟ್ಟೆ ಸುತ್ತಿಕೊಂಡು ಕೂತಿದ್ದ. ಅವನ ತಾಯಿ ಮಾರಮ್ಮ ಚಾಪೆ ಹಾಸಿದಳು. ಫಕೀರಪ್ಪ ಕೂರಲಿಲ್ಲ. ನಿಂತುಕೊಂಡೇ ರಿಪೋರ್ಟನ್ನು ಸಾಲು ಸಾಲಾಗಿ ಕನ್ನಡದಲ್ಲಿ ಓದಿ ಹೇಳಿದ.

ಮುನಿಆಂಜಿನಪ್ಪ ಎದುರಿನ ಬೇಲಿಯ ಕಡೆ ನೋಡುತ್ತಲೇ ಕೇಳಿದ.

“ನೀವು ನಿಲ್ಲಿಸ್ಬೋದಾಗಿತ್ತಾ ಸಾ?”

“ನಿಲ್ಲಿಸಬಹುದಿತ್ತು.”

“ನಮಗೆ ಯಾರೂ ಯೋಳ್ಳಿಲ್ಲ.”

“ಹೇಳಲಿಲ್ಲ. ಅದೂ ನನ್ನ ತಪ್ಪ.”

“ಅದನ್ನೂ ಬರೀರಿ,” ಎಂದ ಮುನಿಆಂಜಿನಪ್ಪ. ಫಕೀರಪ್ಪ ಜೇಬಿನಿಂದ ಪೆನ್ನು ತೆಗೆದು, ಗೋಡೆಗೆ ಕಾಗದ ಒತ್ತಿಕೊಂಡು ಬರೆದ. “ಸರಿ. ಇಂಗೇ ಕೊಡಿ. ಈಗ ಓಗಿ ಸಾ. ನಂಗೆ ನಿಮ್ಮುನ್ನ ನೋಡಕ್ಕಾಗ್ತಿಲ್ಲ.”

ಮಾರಮ್ಮ ತಂದಿದ್ದ ಮಜ್ಜಿಗೆಯ ಲೋಟ ಅವಳ ಕೈಯಲ್ಲೇ ಉಳಿಯಿತು.

ಸೋಮವಾರ ಮುಜಫ್ಫರ್ ಸಾಹೇಬರು ಆ ಒಂದು ಪುಟವನ್ನು ಕಿಟಕಿಯ ಬಳಿ ನಿಂತು ಓದಿದರು.

“ನಿಮ್ಮ ಮೇಲೆ ಕ್ರಮ ಆಗುತ್ತೆ. ಗೊತ್ತಲ್ಲ?”

“ಗೊತ್ತದರಿ.”

ಅವರು ಮೇಜಿಗೆ ಬಂದು ಪೆನ್ನು ತೆಗೆದುಕೊಂಡರು. ಆಮೇಲೆ ಅವನ ಸಹಿಯ ಕೆಳಗೆ ತಮ್ಮ ಕೈಯಲ್ಲೇ ಒಂದು ಸಾಲು ಸೇರಿಸಿದರು. ಜೂನ್ ಒಂಬತ್ತರ ರಿಪೋರ್ಟನ್ನು ಪೂರ್ತಿ ಓದದೆ ತಾವು ಸಹಿ ಹಾಕಿದ್ದಾಗಿ.

ಇನ್‌ಸ್ಪೆಕ್ಟರು ಆ ಪುಟ ಓದಿದ ಮೇಲೆ ಕೇಳಬೇಕಾದ ಪ್ರಶ್ನೆ ಹೆಚ್ಚೇನೂ ಉಳಿದಿರಲಿಲ್ಲ. ಎಂಟೂ ಯಂತ್ರಗಳ ಕ್ಲಚ್ಚುಗಳು ಬದಲಾದವು. ಪೆಡಲಿನ ಜಾಗದಲ್ಲಿ, ಎರಡೂ ಕೈಯಿಂದ ಒಟ್ಟಿಗೆ ಒತ್ತಿದರೆ ಮಾತ್ರ ಅಚ್ಚು ಇಳಿಯುವ ಗುಂಡಿಗಳು ಬಂದವು. ಮುನಿಆಂಜಿನಪ್ಪನ ಮೇಲೆ ತಪ್ಪು ಹೊರಿಸಲಾಗಲಿಲ್ಲ. ಅವನಿಗೆ ಸ್ಟೋರಿನಲ್ಲಿ ಕಾಯಂ ಕೆಲಸ ಕೊಟ್ಟರು. ಮುಜಫ್ಫರ್ ಸಾಹೇಬರಿಗೆ ಬೇರೆ ಊರಿಗೆ ವರ್ಗವಾಯಿತು. ಫಕೀರಪ್ಪನ ಚಾರ್ಜ್‌ಹ್ಯಾಂಡ್ ಹುದ್ದೆ ಹೋಯಿತು. ಅವನು ಮತ್ತೆ ಎರಡನೇ ಪ್ರೆಸ್ಸಿನ ಮುಂದೆ ನಿಂತ. ಬ್ಯಾಟರಾಯಪ್ಪ ಎದುರಾದರೆ ಮುಖ ತಿರುಗಿಸಿಕೊಂಡು ಹೋಗುತ್ತಿದ್ದರು.

ಸ್ಟೋರಿನ ಕಿಟಕಿಯಲ್ಲಿ ದಿನವೂ ನೋಡಿದರೂ ಮುನಿಆಂಜಿನಪ್ಪ ಒಂದು ವರ್ಷ ಅವನೊಡನೆ ಮಾತಾಡಲಿಲ್ಲ. ಮಾತಾಡಿಸುವ ಧೈರ್ಯ ಫಕೀರಪ್ಪನಿಗೂ ಇರಲಿಲ್ಲ. ಸಾಮಾನು ಬೇಕಾದಾಗ ಫಕೀರಪ್ಪ ಚೀಟಿ ಮುಂದಿಡುತ್ತಿದ್ದ, ಮುನಿಆಂಜಿನಪ್ಪ ಸಾಮಾನು ಮುಂದಿಡುತ್ತಿದ್ದ.

ಎಂಬತ್ತರ ಮಳೆಗಾಲದಲ್ಲಿ ಒಂದು ಮಧ್ಯಾಹ್ನ, ಊಟದ ಬಿಡುವಿನಲ್ಲಿ, ಮುನಿಆಂಜಿನಪ್ಪ ಅವನ ಬೆಂಚಿನ ಬಳಿ ಬಂದು ನಿಂತ. ಎಡಗೈಯಲ್ಲಿ ಒಂದು ನೋಟು ಪುಸ್ತಕವಿತ್ತು.

“ಎಡಗೈಯಲ್ಲಿ ಬರ್ದಿದ್ದು ಯಾರ್ಗೂ ತಿಳೀತಿಲ್ಲವಂತೆ. ಸ್ಟೋರ್‌ಕೀಪರ್ ದಿನಾ ಬೈತಾನೆ,” ಎಂದ. ಮುಖ ನೋಡದೆ, “ನೀವು ದೊಡ್ಡೋರಾದ್ಮೇಲೆ ಬರೆಯೋದು ಕಲ್ತ್ರಂತಲ್ಲ,” ಎಂದ.

ಫಕೀರಪ್ಪ ಬೆಂಚಿನ ತುದಿಗೆ ಸರಿದು ಜಾಗ ಮಾಡಿದ. ಮುನಿಆಂಜಿನಪ್ಪ ಕೂತು, ಪುಸ್ತಕವನ್ನು ಬಲಗೈಯ ಮುಂಗೈಯಿಂದ ಒತ್ತಿ ಹಿಡಿದುಕೊಂಡ. ಅವನು ಬರೆದದ್ದು ಕೆಳಕ್ಕೆ ಕೆಳಕ್ಕೆ ಜಾರುತ್ತಿತ್ತು.

“ಪುಸ್ತಕ ಸ್ವಲ್ಪ ಬಲಕ್ಕ ವಾಲಿಸು,” ಎಂದ ಫಕೀರಪ್ಪ. “ಹಾಂ. ಈಗ ಬರಿ. ಅವಸರ ಬ್ಯಾಡ.”

ಗಂಟೆ ಹೊಡೆಯುವವರೆಗೆ ಮುನಿಆಂಜಿನಪ್ಪ ಬರೆದ: ಬೋಲ್ಟು, ಅರ್ಧ ಇಂಚು, ನಲವತ್ತು.