ಮತ್ತಿತರರಲ್ಲಿ ಒಬ್ಬರು

ಡಾಕ್ಟರಿಗೆ ವರುಷ, ಅಲ್ಪವಿರಾಮಕ್ಕೆ ನಿಮಿಷ. ಹಿರಿಯರು ಇದನ್ನು ಕುಂಬಾರ, ದೊಣ್ಣೆ ಎಂದೇನೋ ಹೇಳಿದ್ದರು; ಪಾಪ, ಅವರ್ಯಾರೂ ವೈದ್ಯಕೀಯ ಪತ್ರಿಕೆಗೆ ಲೇಖನ ಕಳಿಸಿದವರಲ್ಲ. ಇದು ಕಳಿಸಿದವರ ಕತೆ. ನಡೆದದ್ದು ನಡೆದ ಹಾಗೆಯೇ ಇದೆ. ಎಲ್ಲಾದರೂ ಉಪ್ಪು ಖಾರ ಹೆಚ್ಚಾಯಿತು ಅನ್ನಿಸಿದರೆ ಅದೂ ನಡೆದದ್ದೇ ಎಂದು ತಿಳಿಯುವುದು.

ಆಸ್ಪತ್ರೆಯ ಲೈಬ್ರರಿ ನೋಡಿಕೊಳ್ಳುವವಳಿಗೆ ಎಲ್ಲರೂ ಸೇರಿ ಇಟ್ಟ ಹೆಸರು ಗಿಣಿ. ಲಿಫ್ಟಿನೊಳಗಿನ ಹೆಣ್ಣುದನಿಯಿಂದ ಹಿಡಿದು ಸೂಪರಿಂಟೆಂಡೆಂಟರ ಸೀನಿನವರೆಗೆ ಅವಳ ಗಂಟಲಿಗೆ ಒಗ್ಗದ ದನಿಯಿಲ್ಲ. ಆದರೆ ಸಂಬಳ ಬರುತ್ತಿದ್ದದ್ದು ಗಂಟಲಿಗಲ್ಲ, ಕಣ್ಣಿಗೆ. ಡಾಕ್ಟರುಗಳು ಬರೆದ ಲೇಖನದ ಕೊನೆಯಲ್ಲಿ ಯಾವ ಮಾತನ್ನು ಯಾರಿಂದ ಪಡೆದದ್ದು ಎಂದು ಹೇಳುವ ಉಲ್ಲೇಖಪಟ್ಟಿ ಇರುತ್ತದಲ್ಲ, ಅದನ್ನು ಪತ್ರಿಕೆ ಕೇಳಿದ ಅಚ್ಚಿಗೆ ಕೂರಿಸುವುದು ಅವಳ ಕೆಲಸ. ಲೇಖಕರ ಮನೆಹೆಸರು ಮೊದಲು, ಆಮೇಲೆ ಹೆಸರಿನ ಮೊದಲಕ್ಷರಗಳು. ಚುಕ್ಕೆ ಇಲ್ಲ, ಪದವಿ ಇಲ್ಲ, ಬಿರುದು ಬಾವಲಿ ಇಲ್ಲ. ಆರು ಹೆಸರಾದ ಮೇಲೆ 'ಮತ್ತಿತರರು' ಎಂದು ಬಾಗಿಲು ಹಾಕಿಬಿಡಬೇಕು.

ಈ ಬಾಗಿಲಿಗೇ ಕಾಲು ಅಡ್ಡ ಕೊಟ್ಟು ನಿಂತವರು ಕಿವಿ ಡಾಕ್ಟರು. ಗಿಣಿಗೆ ಸ್ವಂತ ಸೋದರಮಾವ. ಮಕ್ಕಳ ಕಿವಿಯಿಂದ ಹನ್ನೆರಡು ವರ್ಷದಲ್ಲಿ ತಾವು ಹೊರತೆಗೆದ ಮಣಿ, ಗುಂಡಿ, ಪೆನ್ಸಿಲ್ ಚೂರು, ಒಂದು ಜೀವಂತ ಇರುವೆ, ಎಲ್ಲದರ ಲೆಕ್ಕ ಇಟ್ಟು ಜೀವಮಾನದ ಮೊದಲ ಸ್ವಂತ ಲೇಖನ ಬರೆದಿದ್ದರು. ಪತ್ರಿಕೆ ಅದನ್ನು ಎರಡು ಸಲ ಓದದೆಯೇ ಹಿಂದಿರುಗಿಸಿತ್ತು: ಮೊದಲು ಉಲ್ಲೇಖಪಟ್ಟಿ ಸರಿಮಾಡಿ. ಮೂರನೆಯದೇ ಕೊನೆಯ ಅವಕಾಶ. ಅದೂ ಇವತ್ತು ಸಂಜೆ ಐದರೊಳಗೆ. ತಿಂಗಳ ಕೊನೆಗೆ ಅವರ ನಿವೃತ್ತಿ. ಇದು ತಪ್ಪಿದರೆ ಮತ್ತೆ ಬರೆಯುವ ಉಸಿರು ಅವರಲ್ಲಿರಲಿಲ್ಲ.

ಗಿಣಿ ಎರಡು ಸಲವೂ ಪಟ್ಟಿ ಸರಿಮಾಡಿಯೇ ಕೊಟ್ಟಿದ್ದಳು. ಆದರೆ ಕಳಿಸುವ ಗುಂಡಿ ಇದ್ದದ್ದು ಮಾವನ ಬೆರಳಡಿಯಲ್ಲಿ.

"ಮಾವಾ! ಮತ್ತೆ ಸೇರಿಸಿದ್ದೀರಾ?"

"ಸೇರಿಸ್ಲಿಲ್ಲ ಕಣೇ. ನೀನು ಕಿತ್ತು ಬಿಸಾಕಿದ್ದನ್ನ ಜಾಗಕ್ಕೆ ಇಟ್ಟೆ."

ಮೂವತ್ತೊಂದು ಉಲ್ಲೇಖಗಳಲ್ಲೂ ಪ್ರೊಫೆಸರ್, ಡಾಕ್ಟರ್, ಶ್ರೀಮಾನ್, ಶ್ರೀಮತಿಗಳು ಸಾಲಾಗಿ ಎದ್ದು ನಿಂತಿದ್ದರು. ಹದಿನೇಳು ಲೇಖಕರಿದ್ದಲ್ಲಿ ಹದಿನೇಳೂ ಹೆಸರು ಹಾಜರು.

"ಇದು ಉಲ್ಲೇಖಪಟ್ಟಿ ಮಾವ, ಮದುವೆ ಕಾಗದ ಅಲ್ಲ!"

"ದೊಡ್ಡವರನ್ನ ಹಾಗೆ ಬರಿ ಹೆಸರು ಹಿಡಿದು ಕರೀತಾರಾ? ಮತ್ತೆ ಈ 'ಮತ್ತಿತರರು'! ಏಳನೆಯವರು ಏನು ಪಾಪ ಮಾಡಿದ್ರು, ಹೇಳು?"

ಈ ಏಳನೆಯವರು ಯಾರೆಂದು ಗಿಣಿಗೆ ಗೊತ್ತಿತ್ತು. ಪಟ್ಟಿಯ ಹದಿನಾಲ್ಕನೆಯದು ಮಾವನ ಗುರುಗಳ ಲೇಖನ. ಮೂವತ್ತು ವರ್ಷದ ಹಿಂದಿನದು. ಅದರಲ್ಲಿ ಮಾವ ಏಳನೆಯವರು. ಆ ಲೇಖನವನ್ನು ಲೋಕದಲ್ಲಿ ಯಾರ್ಯಾರೋ ಉಲ್ಲೇಖಿಸಿದ್ದರು. ಪ್ರತಿಸಲವೂ ಆರು ಹೆಸರು, ಆಮೇಲೆ ಮತ್ತಿತರರು.

"ನನ್ನ ಗುರುಗಳೇ ಫೋನ್ ಮಾಡಿ ತೆಗಿ ಅನ್ಲಿ, ತೆಗೀತೀನಿ. ಅಲ್ಲೀವರೆಗೂ ಒಂದು ಚುಕ್ಕೆ ಮುಟ್ಟಬೇಡ," ಎಂದು ಮಾವ ತೋಳು ಕಟ್ಟಿ ಕೂತರು.

ಗಡಿಯಾರ ನಾಲ್ಕೂಕಾಲು ತೋರಿಸುತ್ತಿತ್ತು. ಗಿಣಿ ಎದ್ದು ಲೈಬ್ರರಿ ಪಕ್ಕದ ಝೆರಾಕ್ಸ್ ಕೋಣೆಗೆ ನಡೆದಳು. ಝೆರಾಕ್ಸಿನವರು ಏನೆಂದು ಕೇಳುವ ಮೊದಲೇ ತುಟಿಗೆ ಬೆರಳಿಟ್ಟು, ಗಾಜಿನ ಕಿಂಡಿಯಲ್ಲಿ ಮಾವನ ಬೆನ್ನು ನೋಡುತ್ತಾ ಲೈಬ್ರರಿಯ ನಂಬರು ಒತ್ತಿದಳು. ಗುರುಗಳನ್ನು ಅವಳು ಕಂಡವಳಲ್ಲ, ಕೇಳಿದವಳಲ್ಲ. ಅದಕ್ಕೇನಂತೆ? ಗುರು ಅಂದಮೇಲೆ ಗಂಟಲು ಗೊಗ್ಗರು ಇದ್ದೇ ಇರುತ್ತದೆ.

"ಹಲೋ! ಯಾರಯ್ಯಾ ಅದು? ನಮ್ಮ ಏಳನೆಯವನಾ?" ದನಿ ಬಾವಿಯ ತಳದಿಂದ ಎದ್ದು ಬಂತು.

ಆ ಕಡೆ ಕುರ್ಚಿ ಕಿರ್ರೆಂದಿತು. ಮಾವ ಎದ್ದು ನಿಂತಿದ್ದರು. "ಗು... ಗುರುಗಳೇ!"

"ಪಟ್ಟೀಲಿ ನನ್ನ ಹೆಸರಿಗೆ ಮುಂದೆ ಕೊಂಬು, ಹಿಂದೆ ಬಾಲ ಹಚ್ಚಿದೀಯಂತೆ? ನಾನೇನು ಮನುಷ್ಯನೋ ಮೃಗವೋ? ಇಷ್ಟು ದಪ್ಪ ಮೀಸೆ ಹೊತ್ತ ನಾನೇ ಎರಡಕ್ಷರದಲ್ಲಿ ತೆಪ್ಪಗೆ ಕೂತಿರುವಾಗ ನಿಂದೇನಯ್ಯಾ ಗಲಾಟೆ?"

ಮಾವ ಬಾಯಿಗೆ ಕೈ ಅಡ್ಡ ಹಿಡಿದರು. ಭುಜಗಳು ಕುಲುಕುತ್ತಿದ್ದವು. ಅಯ್ಯೋ, ಅಳುತ್ತಿದ್ದಾರೆ ಎಂದುಕೊಂಡಳು ಗಿಣಿ. ಪಕ್ಕದಲ್ಲಿ ಝೆರಾಕ್ಸಿನವರು ಕರ್ಚೀಫು ಬಾಯಿಗೆ ತುರುಕಿಕೊಂಡಿದ್ದರು.

"ಗುರುಗಳೇ," ಮಾವ ಮೆಲ್ಲಗೆ ಕೇಳಿದರು, "ನಿಜಕ್ಕೂ ನನ್ನ ನೆನಪಿದೆಯಾ?"

ಇದು ಗಿಣಿಯ ಲೆಕ್ಕದಲ್ಲಿರಲಿಲ್ಲ. ಅವಳು ಗೊಗ್ಗರನ್ನು ಇನ್ನಷ್ಟು ಕೆಳಗಿಳಿಸಿದಳು.

"ಮರೆಯೋದುಂಟೇನಯ್ಯಾ? ಆರು ಜನರ ಹೆಸರು ಅಚ್ಚಾಗುತ್ತೆ. ಕೆಲಸ ಮಾಡಿದವನು ಮತ್ತಿತರರಲ್ಲಿ ಇರ್ತಾನೆ."

ಭುಜಗಳ ಕುಲುಕಾಟ ನಿಂತಿತು. "ಆಗಲಿ," ಎಂದರು ಮಾವ. "ತೆಗೀತೀನಿ."

ಗಿಣಿ ಏನೂ ಅರಿಯದವಳಂತೆ ಒಳಗೆ ಬಂದಾಗ ಅವರು ಕುರ್ಚಿ ಬಿಟ್ಟುಕೊಟ್ಟರು. ಅವಳ ಬೆರಳು ಓಡಿತು. ಬಿರುದುಗಳು ಒಂದೇ ಏಟಿಗೆ ಉದುರಿದವು, ಏಳನೆಯವರೆಲ್ಲ ಬಾಗಿಲಾಚೆ ಹೋದರು. ನಾಲ್ಕು ಐವತ್ತೆರಡಕ್ಕೆ ಮಾವ ಗುಂಡಿ ಒತ್ತಿದರು. ಐದು ಹೊಡೆಯುವಷ್ಟರಲ್ಲಿ ಉತ್ತರ ಬಂತು: ಪಟ್ಟಿ ಸರಿಯಾಗಿದೆ, ಲೇಖನ ಓದಲು ತೆಗೆದುಕೊಂಡಿದ್ದೇವೆ.

ಕುಣಿಯಲೆಂದು ಎದ್ದ ಗಿಣಿ ಹಾಗೇ ಕೂತಳು. ಮೂವತ್ತು ವರ್ಷ ಕಾದವರಿಗೆ ಸುಳ್ಳು ಗುರುವನ್ನು ಕೊಟ್ಟೆನಲ್ಲ!

"ಮಾವ, ಆ ಫೋನು... ಮಾಡಿದ್ದು ನಾನು."

ಮಾವ ಮೊಬೈಲಿನಲ್ಲಿ ಒಂದು ಹಳೆಯ ಫೋಟೋ ತೆಗೆದು ಅವಳ ಮುಂದೆ ಹಿಡಿದರು. ಏಳೆಂಟು ಜನ ಬಿಳಿ ಕೋಟಿನವರು. ನಡುವೆ ಗುಂಡು ಕನ್ನಡಕ ಹಾಕಿದ ಒಬ್ಬ ಪುಟ್ಟ ಹೆಂಗಸು.

"ಇವರೇ ನನ್ನ ಗುರುಗಳು. ಸ್ವಲ್ಪ ಮೀಸೆ ಹುಡುಕಿಕೊಡಮ್ಮಾ."

ಗಿಣಿ ಫೋಟೋ ನೋಡಿದಳು, ಮಾವನನ್ನು ನೋಡಿದಳು, ಮತ್ತೆ ಫೋಟೋ ನೋಡಿದಳು. "ಹೆಂಗಸರಾ?"

"ಮೂರು ಸಲ ಶ್ರೀಮತಿ ಅಂತ ಬರೆದೆ. ಮೂರು ಸಲವೂ ಅಳಿಸಿದ್ದು ಯಾರು ತಾಯಿ? ಓದಿ ಅಳಿಸಿದ್ರೆ ಗಂಟಲಾದ್ರೂ ಸಣ್ಣ ಮಾಡ್ಕೊಳ್ತಿದ್ದೆ!"

"ಹಾಗಾದ್ರೆ ಹಲೋ ಅಂದಾಗ್ಲೇ ಗೊತ್ತಾಯ್ತಾ? ಮತ್ತೆ ಯಾಕೆ ಒಪ್ಪಿದ್ರಿ?"

"ಮೀಸೆಗೆ ಒಪ್ಪಲಿಲ್ಲ ಕಣೇ," ಎಂದು ಮಾವ ಕನ್ನಡಕ ಒರೆಸಿಕೊಂಡರು. "ಕೊನೇಲಿ ಒಂದು ಮಾತು ಹೇಳಿದೆಯಲ್ಲ, ಅದಕ್ಕೆ. ಯಾರ ಗಂಟಲಲ್ಲಿ ಬಂದ್ರೇನು? ಅದು ನನಗೆ ಬರಬೇಕಾದ ಮಾತೇ ಆಗಿತ್ತು."

ಅಷ್ಟು ಹೇಳಿ ಇನ್ನೊಮ್ಮೆ ಫೋಟೋ ನೋಡಿದರು. "ಮೇಡಮ್ಮಿಗೆ ಮೀಸೆ!" ಎಂದವರೇ 'ಸದ್ದು ಮಾಡಬೇಡಿ' ಎಂಬ ಫಲಕದ ಕೆಳಗೆ ನಿಂತು ನಗಲು ಶುರುಮಾಡಿದರು ನೋಡಿ. ಗಿಣಿ ನಕ್ಕಳು, ಝೆರಾಕ್ಸಿನವರು ಕರ್ಚೀಫು ಕಿತ್ತು ನಕ್ಕರು. ಆದರೆ ಕಿವಿ ಡಾಕ್ಟರ ನಗೆಯ ಮುಂದೆ ಅವರಿಬ್ಬರೂ ಬರೀ ಮತ್ತಿತರರು.