ಮೂರು ಕೊಂಡಿ ಆಚೆ

"ನಾ ಬರೂವರೆಗೆ ಮುಟ್ಬೇಡ ಅಂತ ಹೇಳಿದ್ನೋ ಇಲ್ವೋ?" ತಿಮ್ಮು ಊಟದ ಡಬ್ಬಿಯನ್ನು ಬೆಂಚಿನ ಮೇಲೆ ಕುಕ್ಕಿದ.

ದತ್ತಾ ತಲೆ ಎತ್ತಲಿಲ್ಲ. ಅಂಕೋಲೆಯ ಹೆದ್ದಾರಿ ಪಕ್ಕದ ಆ ಗ್ಯಾರೇಜು ಅವನದೇ. ಆದರೆ ಅವನ ಅಪ್ಪನ ಕಾಲದಿಂದ, ಮೂವತ್ತೆರಡು ವರ್ಷ, ಅಲ್ಲಿ ಇಂಜಿನ್ ಬಿಚ್ಚಿ ಕಟ್ಟುತ್ತ ಬಂದವನು ತಿಮ್ಮು. ದತ್ತಾನಿಗೆ ನಟ್ಟು ಬಿಚ್ಚುವ ಪಾನಾ ಹಿಡಿಯಲು ಕಲಿಸಿದವನೂ ಅವನೇ.

ಅಗಸೂರಿನ ಭಾರತಿ ಟೀಚರ್ ಅವರ ಕಾರಿನ ಇಂಜಿನ್ನಿಗೆ ತಿಮ್ಮು ನಿನ್ನೆ ಸಂಜೆ, ಪಿಸ್ಟನ್ನು-ವಾಲ್ವುಗಳನ್ನು ತಾಳ ತಪ್ಪದಂತೆ ಓಡಿಸುವ ಎರಡೂ ಟೈಮಿಂಗ್ ಚೈನ್ ಕೂಡಿಸಿದ್ದ. ಬೆಳಿಗ್ಗೆ ಕಣ್ಣು ತೋರಿಸಲು ಕಾರವಾರಕ್ಕೆ ಹೋಗಬೇಕಿತ್ತು. ಬಂದ ಮೇಲೆ, ಒಳಗೆ ಎಲ್ಲೂ ತಾಗುವುದಿಲ್ಲವೆಂದು ಕೈಯಿಂದ ಎರಡು ಸುತ್ತು ತಿರುಗಿಸಿ ನೋಡಿ, ಆಮೇಲೆ ಮುಚ್ಚೋಣ ಎಂದು ಹೇಳಿಯೇ ಹೋಗಿದ್ದ. ಈ ಪುಣ್ಯಾತ್ಮ ಕೇಳಬೇಕಲ್ಲ! ಶುಕ್ರವಾರ, ಹತ್ತೂವರೆಗೆ ರಾಹುಕಾಲ; ಅದರೊಳಗೆ ಒಮ್ಮೆ ಸ್ಟಾರ್ಟ್ ಆಗಲಿ ಎಂದು ಮುಚ್ಚಳ ಬಿಗಿದು, ಕಾಯಿ ಒಡೆದು, ಚಾವಿ ತಿರುವಿದ್ದ. ಒಳಗೆ ಪಿಸ್ಟನ್ನು ಹೋಗಿ ವಾಲ್ವಿಗೆ ಬಡಿದ ಸದ್ದು ಪಕ್ಕದ ಚಹಾದಂಗಡಿಯವರೆಗೂ ಕೇಳಿತಂತೆ.

ಅದನ್ನಾದರೂ ತಿಮ್ಮು ನುಂಗಿಕೊಳ್ಳುತ್ತಿದ್ದ. ಆದರೆ ಬಸ್ಸಿಳಿದು ಬರುವಾಗ ದತ್ತಾ ಫೋನಿನಲ್ಲಿ ಆಡುತ್ತಿದ್ದ ಮಾತು ಕಿವಿಗೆ ಬಿದ್ದಿತ್ತು. "ಚೈನ್ ಕೂಡ್ಸಿದ್ದು ತಿಮ್ಮಣ್ಣ, ಟೀಚರ್. ವಯಸ್ಸಾಯ್ತು ಅವ್ರಿಗೆ. ಇನ್ನು ಇಂಜಿನ್ ಮುಟ್ಟೂಕೆ ಕೊಡೂದಿಲ್ಲ."

"ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ! ಚಾವಿ ಹಾಕ್ದವ ನೀನು, ಹೆಸರು ಹಾಳಾಗೂದು ನಂದಾ?"

"ಚೈನ್ ಸರಿ ಇದ್ದಿದ್ರೆ ಚಾವಿ ಹಾಕ್ದ್ರೆ ಎಂತಾ ಆಗ್ತಿತ್ತು, ತಿಮ್ಮಣ್ಣ?"

ತಿಮ್ಮುವಿನ ಸಿಟ್ಟು ನೆತ್ತಿಗೇರಿತು. ನಿನ್ನಪ್ಪನೂ ನನಗೆ ಈ ಮಾತು ಆಡಿರಲಿಲ್ಲ ಎನ್ನಬೇಕೆಂದುಕೊಂಡ. ಬದಲಿಗೆ ಅಂಗಿ ಕಳಚಿ ಎಸೆದು ಇಂಜಿನ್ನಿನ ಮುಂದೆ ಕೂತ. ಬಿಚ್ಚಿ ತೋರಿಸ್ತೇನೆ ಮಗನೇ, ನಿನ್ನ ಬಾಯಿಂದಲೇ ಹೇಳಿಸ್ತೇನೆ ಎಂದು ಒಂದೊಂದು ಬೋಲ್ಟನ್ನೂ ಬೈಯುತ್ತಲೇ ಕಿತ್ತ. ಎರಡು ತಾಸು ಹಿಡಿಯಿತು.

ಮುಚ್ಚಳ ಕಳಚಿದಾಗ ದತ್ತಾ ಹೊರಗೆ ಹೋಗಿದ್ದ. ತಿಮ್ಮು ಕೈಬ್ಯಾಟರಿಯ ಬೆಳಕು ಹತ್ತಿರ ಹಿಡಿದ. ದೊಡ್ಡ ಚೈನಿನ ಗುರುತಿನ ಕೊಂಡಿ ಗೇರಿನ ಗೆರೆಗೆ ಸರಿಯಾಗಿಯೇ ಇತ್ತು. ಕಂಪನಿಯವರು ಗುರುತಿಗೆಂದೇ ತಾಮ್ರದ ಬಣ್ಣ ಕೊಟ್ಟ ಕೊಂಡಿ. ನೋಡಿದ್ಯಾ ಎಂದು ಕೂಗಲು ಬಾಯಿ ತೆರೆದವನು ಅದನ್ನು ಬೆರಳಿನಿಂದ ಒರೆಸಿದ. ತಾಮ್ರ ಬೆರಳಿಗೆ ಬಂತು!

ಕುಂಕುಮ. ಹೊಸ ಸಾಮಾನು ಯಾವುದೇ ಬರಲಿ, ಶಾಂತಾದುರ್ಗೆಯ ಫೋಟೋದ ಮುಂದಿಟ್ಟು ಒಂದು ಬೊಟ್ಟು ಹಚ್ಚದೆ ತಿಮ್ಮು ಕೂಡಿಸುತ್ತಿರಲಿಲ್ಲ. ಎಣ್ಣೆ ಹೀರಿ ಆ ಬೊಟ್ಟು ತಾಮ್ರದ ಬಣ್ಣಕ್ಕೆ ತಿರುಗಿತ್ತು. ಕಂಪನಿಯ ನಿಜವಾದ ಗುರುತು ಮೂರು ಕೊಂಡಿ ಆಚೆ, ಎಣ್ಣೆಯೊಳಗೆ ಮಸುಕಾಗಿ ಕೂತಿತ್ತು.

ಥೂ, ಎಂದ. ಯಾರಿಗೆಂದು ತಿಳಿಯಲಿಲ್ಲ. ಕೈ ಮೊದಲೇ ಹೊಲಸು, ಬೊಟ್ಟು ಅರ್ಧ ಹೋಗಿದೆ, ಇನ್ನರ್ಧ ಒರೆಸಿ, ಚಾವಿ ತಿರುವಿದಾಗ ಜಾರಿದ್ದು ಅನ್ನುವ ಹಾಗೆ ಚೈನ್ ಒಂದಿಷ್ಟು ಜಗ್ಗಿಬಿಟ್ಟರೆ ಕೇಳುವವರು ಯಾರು? ಸಿಟ್ಟು ಇನ್ನೂ ಆರಿರಲಿಲ್ಲ. ಉರಿಸಲು ಬೇರೆ ಯಾರೂ ಇಲ್ಲದೆ ಅದು ಅವನನ್ನೇ ಸುಡುತ್ತಿತ್ತು.

"ದತ್ತಾ! ಟೀಚರ್‌ಗೆ ಫೋನ್ ಹಚ್ಚು. ದೊಡ್ಡಕೆ ಕೇಳೂ ಹಾಂಗೆ ಇಡು."

ದತ್ತಾ ಒಳಗೆ ಬಂದು ಹೆದರಿಕೊಂಡೇ ಹಚ್ಚಿದ.

"ಟೀಚರ್, ನಾನು ತಿಮ್ಮು. ಚೈನ್ ತಪ್ಪು ಕೂಡ್ಸಿದ್ದು ನಾನೇ. ಕುಂಕುಮದ ಬೊಟ್ಟನ್ನೇ ಗುರುತು ಅಂತ ತಿಳ್ದೆ. ಕಣ್ಣು ಕಾಣ್ಲಿಲ್ಲ. ಕೈಯಲ್ಲಿ ತಿರುಗ್ಸದೇ ಚಾವಿ ಹಾಕಿದ್ದು ಈ ಕತ್ತೆ. ಅದು ಅವ್ನ ತಪ್ಪು, ಅದನ್ನ ನಾ ಹೊರೂದಿಲ್ಲ."

ಆಚೆಯಿಂದ ಟೀಚರ್ ಕೇಳಿದರು, "ಅದೆಲ್ಲ ಇರ್ಲಿ ಮಾರಾಯ್ರೇ, ಈಗ ಸರಿ ಮಾಡೂರು ಯಾರು?"

ತಿಮ್ಮು ದತ್ತಾನ ಮುಖ ನೋಡಿದ. ಇಂಜಿನ್ ಮುಟ್ಟಲು ಕೊಡುವುದಿಲ್ಲ ಎಂದ ಬಾಯಿ ಎದುರಿಗೇ ಇತ್ತಲ್ಲ. ದತ್ತಾ ಇಂಜಿನ್ನಿನೊಳಗೆ ಬಗ್ಗಿ, ಅಳಿಸದೆ ಉಳಿದ ಅರ್ಧ ಬೊಟ್ಟನ್ನು ನೋಡಿದ. ಫೋನನ್ನು ಬೆಂಚಿನ ಮೇಲಿಟ್ಟು, ಬ್ಯಾಟರಿ ಎತ್ತಿಕೊಂಡು ತಿಮ್ಮುವಿನ ಪಕ್ಕಕ್ಕೆ ಕುಕ್ಕರುಗಾಲಲ್ಲಿ ಕೂತ.

"ಹಲೋ? ಯಾರು ಮಾಡೂದು?" ಟೀಚರ್ ಮತ್ತೆ ಕೇಳಿದರು.

"ಬೆಳಕು ಸರಿ ಹಿಡಿಯೋ, ಕಣ್ಣಿಗೆ ಹೊಡೀತದೆ," ಎಂದು ತಿಮ್ಮು ಗದರಿದ.